ಎಂಬತ್ತೆರಡು ಡಿಗ್ರಿ

ಮೊನ್ನೆ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಹಳೆಯ ಡೀಸೆಲ್ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿತ್ತು. ಕಾದ ತುಕ್ಕುನೀರಿನ ವಾಸನೆ ನನ್ನ ಬಸ್ಸಿನ ಕಿಟಕಿಯವರೆಗೂ ಬಂತು. ಕಳೆದುಹೋದ ಮನೆಯ ವಾಸನೆ ಹೀಗೆ ದಾರಿಯಲ್ಲಿ ನಿಮಗೂ ಎದುರಾಗಿದ್ದರೆ ಗೊತ್ತಿರುತ್ತದೆ, ಮೂಗು ಮುಚ್ಚಿಕೊಂಡು ಪ್ರಯೋಜನವಿಲ್ಲ.

ಭೀಮನಬೀಡಿನ ನಮ್ಮ ಮನೆಯಲ್ಲಿ ಸಾರು ಕುದಿಯುವ ಒಲೆಯ ಮೇಲೆಯೇ ಥರ್ಮೋಸ್ಟಾಟೂ ಕುದಿಯುತ್ತಿತ್ತು. ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದ. ಎಂಜಿನ್ನಿನ ನೀರನ್ನು ಹದಕ್ಕೆ ಕಾಯುವವರೆಗೆ ತಡೆದು, ಆಮೇಲೆ ತೆರೆದುಕೊಂಡು ರೇಡಿಯೇಟರಿಗೆ ಬಿಡುವ ಆ ಹಿತ್ತಾಳೆಯ ಬಿಲ್ಲೆಯನ್ನು ಉಳಿದ ಡ್ರೈವರುಗಳು ತಾಪತ್ರಯವೇ ಬೇಡವೆಂದು ಕಿತ್ತೆಸೆಯುತ್ತಿದ್ದರು. ಅಪ್ಪ ಮಾತ್ರ, ಕಾಯದ ಡೀಸೆಲ್ ಎಂಜಿನ್ ಬೇಗ ಸವೆಯುತ್ತದೆ ಎಂದು ಹಟ ಹಿಡಿಯುತ್ತಿದ್ದ. ಕಾರಿಗೆ ಕೂರಿಸುವ ಮೊದಲು ಅದಕ್ಕೆ ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಜೊತೆಗೊಂದು ಥರ್ಮಾಮೀಟರ್ ಇಟ್ಟು ಕಾಯಿಸಬೇಕು. ಆ ಕೆಲಸ ಅವ್ವನದು. ಸೆರಗಿನಿಂದ ಹೊಗೆ ಸರಿಸುತ್ತಾ, ಕೆಮ್ಮುತ್ತಾ, ಅನ್ನ ಬೆಂದಿದೆಯೇ ಎಂದು ನೋಡುವಷ್ಟೇ ಶ್ರದ್ಧೆಯಿಂದ ನೋಡುತ್ತಿದ್ದಳು. "ಎಂಬತ್ತೆರಡು ಡಿಗ್ರಿಗೆ ತೆರ್ಕೋಬೇಕು ಕಣಮ್ಮಿ. ಇಲ್ದಿದ್ರೆ ಎಂಜಿನ್ ಒಂಟೋಯ್ತದೆ," ಎಂದು ನನಗೂ ಕಲಿಸಿದ್ದಳು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಅವ್ವನಿಗೆ ಉಬ್ಬಸ ಜೋರಾಗಿ, ಒಲೆಯ ಹತ್ತಿರ ಹೋಗುವಂತಿರಲಿಲ್ಲ. ಅಪ್ಪ ಮೈಸೂರಿನ ಗುಜರಿಯಿಂದ ಒಂದು ಥರ್ಮೋಸ್ಟಾಟ್ ತಂದು ನನ್ನ ಕೈಗೆ ಕೊಟ್ಟ. ಬೀದಿಯಲ್ಲಿ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ನಾನು ಒಲೆ ಹಚ್ಚಲೇ ಇಲ್ಲ. ಥರ್ಮೋಸ್ಟಾಟನ್ನು ಬಿಂದಿಗೆಯ ನೀರಿನಲ್ಲಿ ಅದ್ದಿ, ಒದ್ದೆ ಮಾಡಿ ತಂದುಕೊಟ್ಟೆ.

"ಕುದಿಸಿ ನೋಡ್ದ್ಯಾ ಅಮ್ಮಿ?"

"ಊಂ ಕಣಪ್ಪ. ಎಂಬತ್ತೆರಡಕ್ಕೇ ತೆರ್ಕತ್ತು."

ಅಪ್ಪ ನನ್ನ ತಲೆ ಸವರಿ ಒಳಗಿದ್ದ ಅವ್ವನಿಗೆ ಕೇಳುವ ಹಾಗೆ ಹೊಗಳಿದ.

ಮೂರನೆಯ ದಿನ ಅಪ್ಪ ಅದನ್ನು ಕಾರಿಗೆ ಕೂರಿಸಿ ಮುಗಿಸುವಷ್ಟರಲ್ಲಿ ಅವ್ವನಿಗೆ ಉಸಿರಾಡಲೇ ಆಗಲಿಲ್ಲ. ಮೈಸೂರಿನ ಆಸ್ಪತ್ರೆಗೆಂದು ಹೊರಟೆವು. ಬೇಗೂರು ದಾಟಿದ ಮೇಲೆ ಬಾನೆಟ್ಟಿನಿಂದ ಹಬೆ ಎದ್ದಿತು. ಅಪ್ಪ ಇಳಿದು ಕೈಯಿಟ್ಟು ನೋಡಿದ. ಎಂಜಿನ್ ಕೆಂಡವಾಗಿತ್ತು, ರೇಡಿಯೇಟರಿಗೆ ಹೋಗುವ ಪೈಪು ಮಾತ್ರ ತಣ್ಣಗಿತ್ತು. ಥರ್ಮೋಸ್ಟಾಟ್ ತೆರೆದುಕೊಂಡೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡು ಗಾಳಿಗಾಗಿ ಒದ್ದಾಡುತ್ತಿದ್ದಳು. ಅಪ್ಪ ರಸ್ತೆಯ ನಡುವೆ ನಿಂತು ಲಾರಿಯೊಂದನ್ನು ತಡೆದು, ಅವಳನ್ನು ಎತ್ತಿ ಕೂರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಅಪ್ಪ ಯಾವ ಎಂಜಿನ್ನಿಗೂ ಕೈ ಹಚ್ಚಲಿಲ್ಲ. ಹಳ್ಳಿಯವರು ಥರ್ಮೋಸ್ಟಾಟಿನ ಮಾತೆತ್ತಿದರೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು, "ನನ್ ಮಗ್ಳು ಕುದಿಸಿ ನೋಡಿದ್ಲು ಕಣ್ರಲಾ. ಕೂರ್ಸೋವಾಗ ನಾನೇ ಏನೋ ಎಡವಟ್ಟು ಮಾಡ್ಬುಟ್ಟೆ," ಎನ್ನುತ್ತಿದ್ದ. ಪ್ರತಿ ಸಲವೂ ನಿಜ ಹೇಳಬೇಕೆನ್ನಿಸುತ್ತಿತ್ತು. ಪ್ರತಿ ಸಲವೂ ಹೆದರಿದೆ. ಮದುವೆಯಾಯಿತು, ನನಗೂ ಮಗಳು ಹುಟ್ಟಿದಳು, ಆಗಲೂ ಹೆದರಿದೆ.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದ. ಸಾಯುವ ಹಿಂದಿನ ದಿನ ನನ್ನ ಮಗಳನ್ನು ಹತ್ತಿರ ಕರೆದು ಹೇಳಿದ, "ನಿಮ್ಮವ್ವಂದು ಏನೂ ತಪ್ಪಿಲ್ಲ ಕಣಮ್ಮಿ. ನಿಮ್ಮಜ್ಜೀನ ಕೊಂದೋನು ನಾನೇ."

ನಾನು ಅಲ್ಲೇ ಕೂತು ಅವನ ಕಾಲು ಒತ್ತುತ್ತಿದ್ದೆ. ಒತ್ತುತ್ತಲೇ ಇದ್ದೆ.