ಅಣ್ಣನ ಕೋಣೆ, ತಂಗಿಯ ಸಹಿ

ಕೋರ್ಟಿನ ತಾರೀಕು ಇದ್ದ ದಿನ ಅಮ್ಮ ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ ಚಹಾ, ಅಷ್ಟೇ. ಹಳೆಯ ಕಟ್ಟಡದಲ್ಲಿ ಹೆಂಗಸರ ಶೌಚಾಲಯ ಇದ್ದದ್ದು ನೆಲಮಹಡಿಯ ಹಿಂಬದಿಯಲ್ಲಿ, ನಮ್ಮ ಕೇಸು ನಡೆಯುತ್ತಿದ್ದದ್ದು ಮೂರನೆಯ ಮಹಡಿಯಲ್ಲಿ. ಇಳಿದು ಹತ್ತಿ ಬರುವಷ್ಟರಲ್ಲಿ ನಮ್ಮ ಹೆಸರು ಕೂಗಿಬಿಟ್ಟರೆ ಎಂಬ ಹೆದರಿಕೆ ಅವಳಿಗೆ. ಲಿಫ್ಟ್ ಏನೋ ಇತ್ತು. ಅದರ ಬಾಗಿಲಿಗೆ ‘ಬಂದ್ ಆಹೇ’ ಎಂದು ಮರಾಠಿಯಲ್ಲಿ ಬರೆದ ರಟ್ಟು ಕಟ್ಟಿದ್ದರು. ಆ ರಟ್ಟು ಹಳತಾದಾಗ ಹೊಸ ರಟ್ಟು ಬಂದದ್ದನ್ನು ಎರಡು ಸಲ ನೋಡಿದ್ದೇನೆ, ಲಿಫ್ಟ್ ರಿಪೇರಿಯಾದದ್ದನ್ನು ನೋಡಲಿಲ್ಲ.

ಕೇಸು ನಾವಿರುವ ಕೋಣೆಯದೇ. ಚೆಂಬೂರಿನ ಒಂದು ಚಾಲ್‌ನ ಮೊದಲ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮೂಲೆ, ಮುಂದೆ ಎಲ್ಲರ ಚಪ್ಪಲಿ ಬಿದ್ದಿರುವ ವರಾಂಡ. ಬಾಡಿಗೆ ರಸೀದಿ ಮಾವನ ಹೆಸರಿನಲ್ಲಿತ್ತು. ಮಾವ ಎಂದರೆ ಅಮ್ಮನ ಅಣ್ಣ, ಹೋಟೆಲಿನ ದೋಸೆಕಾವಲಿಯ ಮುಂದೆ ಮೂವತ್ತು ವರ್ಷ ನಿಂತವರು. ಮದುವೆಯಾಗಲಿಲ್ಲ. ನನ್ನ ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಮಾವ ಊರಿಗೆ ಬಂದು ಉತ್ತರಕ್ರಿಯೆ ಮುಗಿಸಿ, ನಮ್ಮಿಬ್ಬರನ್ನೂ ಜೊತೆಗೆ ಕರೆದುಕೊಂಡೇ ಮುಂಬಯಿಯ ಬಸ್ಸು ಹತ್ತಿದರು. ಉಡುಪಿ ಕಡೆಯ ನಮ್ಮಂಥ ಅಳಿಯಕಟ್ಟಿನ ಮನೆಗಳಲ್ಲಿ ಸಂಸಾರ ನಡೆಯುವುದೇ ತಾಯಿಯ ಕಡೆಯಿಂದ. ಅಣ್ಣ, ತಂಗಿ, ತಂಗಿಯ ಮಕ್ಕಳು, ಇಷ್ಟಾದರೆ ಮನೆ ತುಂಬಿತು. ಅಣ್ಣನ ಮನೆಯಲ್ಲಿ ನೀನೇಕೆ ಇದ್ದೀ ಎಂದು ಊರಿನಲ್ಲಿ ಯಾರೂ ಅಮ್ಮನನ್ನು ಕೇಳುತ್ತಿರಲಿಲ್ಲ.

ಮುಂಬಯಿಯಲ್ಲಿ ಕೇಳಿದರು. ಮಾವ ಹೋಗಿ ವರ್ಷ ತುಂಬುವ ಮೊದಲೇ ಮಾಲೀಕ ದಾವೆ ಹಾಕಿದ. ಬಾಡಿಗೆದಾರ ಸತ್ತಿದ್ದಾನೆ, ಅವನಿಗೆ ಸಂಸಾರವಿಲ್ಲ, ಇವರು ಯಾರೋ ಬಂದು ಸೇರಿಕೊಂಡವರು, ಖಾಲಿ ಮಾಡಿಸಿ ಎಂದು. ಅಮ್ಮ ಮಾವನ ಸಂಸಾರದವಳು, ಅವರ ಜೊತೆಯಲ್ಲೇ ವಾಸವಿದ್ದವಳು ಎಂದು ತೋರಿಸಿದರೆ ಕೋಣೆ ನಮ್ಮದು, ಇಲ್ಲದಿದ್ದರೆ ಬೀದಿ. ನಮ್ಮ ಹಳೆಯ ವಕೀಲರು ಕನ್ನಡಕ ಒರೆಸುತ್ತಾ, “ಏಕದಮ್ ಸಿಂಪಲ್ ಕೇಸ್” ಎಂದಿದ್ದರು. ಈ ಸಿಂಪಲ್ ಕೇಸಿಗೆ ಹದಿನೆಂಟು ವರ್ಷ ಹಿಡಿಯಿತು. ನಡುವೆ ಆ ವಕೀಲರೂ ಹೋದರು, ಮಾಲೀಕನೂ ಹೋದ.

ಇಷ್ಟು ವರ್ಷ ನಡೆದದ್ದಾದರೂ ಏನು ಎಂದು ಕೇಳಿದರೆ ನನ್ನ ಪಿತ್ತ ಈಗಲೂ ನೆತ್ತಿಗೇರುತ್ತದೆ. ತಾರೀಕು ಬರುತ್ತಿತ್ತು. ನಾನು ಶಾಲೆಗೆ ರಜೆ ಹಾಕುತ್ತಿದ್ದೆ. ಆಂಟಾಪ್ ಹಿಲ್‌ನ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರ್. ಕೋರ್ಟಿನ ಬಾಗಿಲ ಬಳಿ ಅಂಟಿಸಿದ ಪಟ್ಟಿಯಲ್ಲಿ ನಮ್ಮ ನಂಬರು ಹುಡುಕಲು ಹತ್ತು ಜನರ ಬೆನ್ನು ಸರಿಸಬೇಕಿತ್ತು. ಮಧ್ಯಾಹ್ನದ ತನಕ ಕಾದ ಮೇಲೆ ಗೊತ್ತಾಗುತ್ತಿತ್ತು: ಜಡ್ಜ್ ಸಾಹೇಬರು ರಜೆ, ಅಥವಾ ಆಚೆ ಕಡೆಯ ವಕೀಲರಿಗೆ ಜ್ವರ, ಅಥವಾ ಫೈಲು ಇನ್ನೂ ಮೇಲೆ ಬಂದಿಲ್ಲ. ಮುಂದಿನ ತಾರೀಕು ಬರೆದುಕೊಂಡು, ಅಮ್ಮನ ಮೊಣಕೈ ಹಿಡಿದು ಮೂರು ಮಹಡಿ ಇಳಿಸುತ್ತಿದ್ದೆ. ಅವಳು ಪ್ರತಿ ತಿರುವಿನಲ್ಲೂ ನಿಂತು, “ನೀನು ಶಾಲೆಗೆ ಹೋಗು ಮಾರಾಯ್ತಿ, ನಾನು ನಿಧಾನಕ್ಕೆ ಲೋಕಲ್ ಹಿಡೀತೇನೆ” ಎನ್ನುತ್ತಿದ್ದಳು. ಒಂದು ದಿನವೂ ಅವಳನ್ನು ಬಿಟ್ಟು ಹೋಗಲಿಲ್ಲ ಎಂಬುದೊಂದೇ ನನಗೆ ಸಮಾಧಾನ.

ಆಮೇಲೆ ಚಾಲ್ ಕೆಡವಿ ಹೊಸ ಬಿಲ್ಡಿಂಗ್ ಕಟ್ಟುತ್ತೇನೆಂದು ಬಿಲ್ಡರ್ ಬಂದ. ಬಾಡಿಗೆದಾರರಿಗೆಲ್ಲ ಹೊಸದರಲ್ಲಿ ಮನೆ ಎಂದ. ಮಲಗಿದ್ದ ಕೇಸು ಎದ್ದು ಕುಳಿತದ್ದು ಆಗಲೇ, ನಮ್ಮ ಪಾಲಿನ ಮನೆ ತನಗೇ ಉಳಿಯಲೆಂದು ಮಾಲೀಕನ ಮಗ ಅದನ್ನು ತಟ್ಟಿ ಎಬ್ಬಿಸಿದ. ಅದೇ ಹೊತ್ತಿಗೆ ಕೋರ್ಟುಗಳಲ್ಲೂ ಹೊಸ ಗಾಳಿ ಬೀಸತೊಡಗಿತ್ತು. ಹಳೆಯ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿದರು. ತಾರೀಕು ಫೋನಿಗೇ ಬರತೊಡಗಿತು. ನಮ್ಮ ಕೇಸು ಇನ್ನೂ ಬಣ್ಣದ ವಾಸನೆ ಹೋಗದ ಒಂದು ಹೊಸ ಕಟ್ಟಡಕ್ಕೆ ಹೋಯಿತು. ಹಳೆಯ ವಕೀಲರ ಆಫೀಸನ್ನು ನೋಡಿಕೊಳ್ಳುತ್ತಿದ್ದ ಮರಾಠಿ ಹುಡುಗಿ ಈಗ ನಮ್ಮ ವಕೀಲೆ. ಅವಳು ನಮ್ಮ ಇಡೀ ಫೈಲನ್ನು ನನ್ನ ವಾಟ್ಸಾಪ್‌ಗೆ ಕಳಿಸಿ ಹೇಳಿದಳು: “ಟೀಚರ್, ನಿಮ್ಮ ಅಮ್ಮನ ಸಾಕ್ಷಿ ಹತ್ತಿರ ಬಂತು. ಒಮ್ಮೆ ಎಲ್ಲಾ ಓದಿ.”

ಹದಿನೆಂಟು ವರ್ಷದಲ್ಲಿ ಆ ಫೈಲಿನ ಒಳಗೆ ನಾನು ಕಣ್ಣು ಹಾಯಿಸಿರಲಿಲ್ಲ. ಅದು ಯಾವಾಗಲೂ ಕೆಂಪು ದಾರ ಬಿಗಿದುಕೊಂಡು ವಕೀಲರ ಗುಮಾಸ್ತನಾದ ಮುನ್ಶಿಯ ಕಂಕುಳಲ್ಲಿ ಇರುತ್ತಿತ್ತು. ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಲೋಕಲ್‌ನಲ್ಲಿ, ಬಾಗಿಲ ಬಳಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು ಹಿಡಿದು ಓದತೊಡಗಿದೆ. ಅಮ್ಮನ ಪರವಾಗಿ ನಾವು ಕೊಟ್ಟಿದ್ದ ಮೊದಲ ಉತ್ತರ, ಎಂಟು ಪುಟ. ಮೂರನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಪ್ರತಿವಾದಿಯು ಮೃತ ಬಾಡಿಗೆದಾರನ ವಿಧವೆ.

ಇನ್ನೊಮ್ಮೆ ಓದಿದೆ. ವಿಧವೆ ಎಂದೇ ಇತ್ತು. ಮುನ್ಶಿಗೆ ನಾವು ಕೊಟ್ಟದ್ದು ರೇಷನ್ ಕಾರ್ಡು. ಅದರಲ್ಲಿ ಮೊದಲು ಮಾವನ ಹೆಸರು, ಕೆಳಗೆ ಅಮ್ಮನ ಹೆಸರು, ಅದರ ಕೆಳಗೆ ನನ್ನದು. ಈ ಊರಿನ ಎಲ್ಲ ರೇಷನ್ ಕಾರ್ಡುಗಳಲ್ಲೂ ಎರಡನೆಯ ಹೆಸರು ಹೆಂಡತಿಯದೇ ತಾನೆ! ಪುಣ್ಯಾತ್ಮ ಕೇಳುವ ಗೋಜಿಗೇ ಹೋಗದೆ ಟೈಪು ಮಾಡಿದ್ದ. ಅವನಿಗೆ ಮನಸಾರೆ ಶಾಪ ಹಾಕುತ್ತಾ ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಕನ್ನಡದಲ್ಲಿ ಅಮ್ಮನ ಸಹಿ. ಅದರ ಕೆಳಗೆ ಒಂದು ಸಾಲು: ಮೇಲಿನದೆಲ್ಲವನ್ನೂ ನನ್ನ ತಾಯಿಗೆ ಅವಳ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ. ಅದರ ಕೆಳಗೆ, ಬಾಲ ಎಳೆದ ಇಂಗ್ಲಿಷ್ ಸಹಿ, ನನ್ನದು.

ನಾನು ಓದಿರಲಿಲ್ಲ. ಅವತ್ತು ನನಗೆ ಬಿ.ಎಡ್. ಪರೀಕ್ಷೆ, ಮಧ್ಯಾಹ್ನ ಎರಡು ಗಂಟೆಗೆ. ವಕೀಲರ ಆಫೀಸಿನ ಗಡಿಯಾರದಲ್ಲಿ ಒಂದು ಗಂಟೆಯಾಗುತ್ತಾ ಬಂದಿತ್ತು. ಅಮ್ಮ, “ಎಂತ ಬರ್ದಿದ್ದಾರೆ ಮಗಾ?” ಎಂದು ಕೇಳಿದಳು. ನಾನು, “ಎಲ್ಲಾ ಸರಿ ಉಂಟಮ್ಮ, ಓದಿದೆ. ಸಹಿ ಹಾಕು” ಎಂದೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಪೆನ್ನು ಎತ್ತುವವಳು ನಾನು. ಈಗ ಹಾರ್ಬರ್ ಲೈನಿನ ಆ ಲೋಕಲ್‌ನಲ್ಲಿ ನಿಂತು ನನಗೆ ನನ್ನ ಮೇಲೇ ಅಸಹ್ಯವಾಯಿತು. ಇಳಿಯಬೇಕಾದ ಸ್ಟೇಷನ್ ದಾಟಿ ವಡಾಲದಲ್ಲಿ ಇಳಿದೆ.

ವಕೀಲೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಆ ಪುಟವನ್ನು ತೆರೆದು ತಾನೂ ಓದಿದಳು. ಆಮೇಲೆ ಹೇಳಿದಳು: ಇದು ಈಗ ಸಿಕ್ಕಿದ್ದು ನಮ್ಮ ಅದೃಷ್ಟ. ಸಾಕ್ಷಿ ಹೇಳುವಾಗ ನಿಮ್ಮ ಅಮ್ಮ, ಅವನು ನನ್ನ ಅಣ್ಣ ಎನ್ನುತ್ತಿದ್ದರು. ಆಚೆ ಕಡೆಯವರು ಈ ಪುಟ ತೆಗೆದು, ನೋಡಿ, ಕೋರ್ಟಿಗೆ ಸುಳ್ಳು ಹೇಳಿದ್ದಾಳೆ ಎನ್ನುತ್ತಿದ್ದರು, ಅಲ್ಲಿಗೆ ಕೋಣೆ ಹೋಯಿತು. ತಿದ್ದುಪಡಿಗೆ ಅರ್ಜಿ ಹಾಕೋಣ, ಆದರೆ ತಪ್ಪು ಹೇಗಾಯಿತೆಂದು ಯಾರಾದರೂ ಒಪ್ಪಿಕೊಳ್ಳಬೇಕು.

“ನಾನೇ ಒಪ್ಪಿಕೊಳ್ತೇನೆ” ಎಂದೆ. ನನ್ನ ಹೇಳಿಕೆಯೊಂದಿಗೆ ಅರ್ಜಿಯನ್ನು ಅವಳು ಆಫೀಸಿನಲ್ಲಿ ಕೂತಲ್ಲೇ ಕಂಪ್ಯೂಟರಿನಿಂದ ಸಲ್ಲಿಸಿದಳು. ಹಿಂದಿನ ಹಾಗೆ ಕಾಗದ ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆಯುವ ಕೆಲಸವಿರಲಿಲ್ಲ. ಒಂದೇ ವಾರದಲ್ಲಿ ತಾರೀಕು ಬಂತು.

ಅಮ್ಮನಿಗೆ ಅರ್ಧ ಮಾತ್ರ ಹೇಳಿದೆ. ಕಾಗದದಲ್ಲಿ ಹೆಂಡತಿ ಎಂದು ಬಿದ್ದಿದೆ ಎಂದಾಗ ಅವಳು ಹುರಿಯುತ್ತಿದ್ದ ರವೆಯನ್ನು ಬಿಟ್ಟು ತಿರುಗಿದಳು. “ಥೂ ಇವರ! ಒಡಹುಟ್ಟಿದವನನ್ನು ತಂದು ಗಂಡ ಮಾಡುವುದಾ? ಅಣ್ಣ ಇದ್ದಿದ್ರೆ ಸಟ್ಟುಗ ಹಿಡ್ಕೊಂಡು ಕೋರ್ಟಿಗೆ ಬರ್ತಿದ್ದ!” ರವೆ ಸೀದುಹೋಯಿತು. ನಾನು ಓದದೆ ಸಹಿ ಹಾಕಿಸಿದ್ದನ್ನು ಹೇಳಲು ಬಾಯಿ ಬರಲಿಲ್ಲ. ನನ್ನನ್ನು ಓದಿಸಬೇಕೆಂದು ಮೂರು ಮನೆಯ ಪಾತ್ರೆ ತಿಕ್ಕಿದವಳು ಅವಳು. ಆ ಓದಿನಿಂದ ಅವಳಿಗೆ ಎಂಟು ಪುಟ ಓದಿ ಹೇಳಲಾಗಲಿಲ್ಲ ಎಂದು ಹೇಗೆ ಹೇಳುವುದು?

ಹೊಸ ಕಟ್ಟಡಕ್ಕೆ ಹೋದ ದಿನ ಅಮ್ಮ ಬಾಗಿಲಲ್ಲೇ ನಿಂತು ಮೆಟ್ಟಿಲು ಹುಡುಕಿದಳು. ಇಳಿಜಾರು ದಾರಿ ಇತ್ತು, ಕಂಬಿಯೂ ಇತ್ತು. ಲಿಫ್ಟ್ ಬಂತು, ನಮ್ಮನ್ನು ಹತ್ತಿಸಿಕೊಂಡು ಮೇಲೂ ಹೋಯಿತು. ಕೋರ್ಟಿನ ಹೊರಗೆ ಕುರ್ಚಿಗಳಿದ್ದವು, ಗೋಡೆಯ ಪರದೆಯ ಮೇಲೆ ಈಗ ಎಷ್ಟನೆಯ ನಂಬರು ನಡೆಯುತ್ತಿದೆ ಎಂದು ಕಾಣುತ್ತಿತ್ತು, ಆ ಕಡೆ ನಾಲ್ಕು ಹೆಜ್ಜೆಗೆ ಶೌಚಾಲಯ. ಅಮ್ಮ ಅದನ್ನು ಒಳಗೆ ಹೋಗಿ ನೋಡಿಯೇ ಬಂದಳು. “ನೀರೂ ಬರ್ತದೆ, ಚಿಲಕವೂ ಉಂಟು” ಎಂದು ವರದಿ ಒಪ್ಪಿಸಿ, ನನ್ನ ಬಾಟಲಿಯ ನೀರನ್ನು ಗಟಗಟ ಕುಡಿದಳು. ಅದನ್ನು ನೋಡಿ ನನಗೆ ಅಳು ಬಂದಂತಾಯಿತು. ಇಷ್ಟಕ್ಕೇ ಹದಿನೆಂಟು ವರ್ಷ ಬೇಕಾಯಿತೇ ಎಂಬ ಸಿಟ್ಟೂ ಬಂತು.

ನಮ್ಮ ನಂಬರು ಬಂತು. ಜಡ್ಜ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅಮ್ಮನಿಗೆ ಕುರ್ಚಿ ಹಾಕಿಸಿದರು. ಆಚೆ ಕಡೆಯ ವಕೀಲರು ನನ್ನ ಹೇಳಿಕೆಯನ್ನು ಎತ್ತಿ ಹಿಡಿದರು. “ಅಂದು ಮಗಳು ಓದಿದ್ದೇನೆ ಎಂದು ಸಹಿ ಹಾಕಿದಳು, ಇಂದು ಓದಿಲ್ಲ ಎನ್ನುತ್ತಾಳೆ. ಯಾವುದು ಸುಳ್ಳು? ಕೋಣೆ ಉಳಿಸಿಕೊಳ್ಳಲು ಹೆಂಡತಿ ಎಂದರು, ಸಿಕ್ಕಿಬಿದ್ದ ಮೇಲೆ ತಂಗಿ ಎನ್ನುತ್ತಿದ್ದಾರೆ” ಎಂದು ಮರಾಠಿಯಲ್ಲಿ, ಅಮ್ಮನಿಗೆ ಅರ್ಥವಾಗುವಷ್ಟು ಬಿಡಿಸಿ ಹೇಳಿದರು. ನಾನು ನೆಲ ನೋಡಿದೆ. ಹೊಸ ನೆಲ, ಮುಖ ಕಾಣುವಷ್ಟು ನಯವಾಗಿತ್ತು.

ಜಡ್ಜ್ ಅಮ್ಮನ ಕಡೆ ತಿರುಗಿದರು. “ಆಜಿ, ಸತ್ತುಹೋದ ಬಾಡಿಗೆದಾರರು ನಿಮಗೆ ಏನಾಗಬೇಕು?”

“ಭಾವೂ” ಎಂದಳು ಅಮ್ಮ, ಅವಳ ಮುಂಬಯಿ ಮರಾಠಿಯಲ್ಲಿ. “ನನ್ನ ಅಣ್ಣ. ಒಂದೇ ತಾಯಿಯ ಮಕ್ಕಳು ನಾವು. ನಮ್ಮಲ್ಲಿ ತಂಗಿ ಅಣ್ಣನ ಮನೆಯಲ್ಲೇ ಇರುವುದು.”

“ಈ ಕಾಗದವನ್ನು ಸಹಿಗೆ ಮೊದಲು ನಿಮಗೆ ಯಾರಾದರೂ ಓದಿ ಹೇಳಿದ್ದರೇ?”

ಅಮ್ಮ ನನ್ನತ್ತ ನೋಡಲಿಲ್ಲ. “ಇಲ್ಲ” ಎಂದಳು. “ಮಗಳು ಓದಿದೆ ಅಂತ ಹೇಳಿದಳು. ಓದಿರಲಿಲ್ಲ. ನಾನು ಅವಳ ಕೈಯನ್ನೇ ನೋಡ್ತಾ ಇದ್ದೆ. ಅಷ್ಟು ಹಾಳೆ ಇತ್ತು, ಅವಳು ಒಂದನ್ನೂ ತಿರುಗಿಸಲಿಲ್ಲ. ನಂಗೆ ಗೊತ್ತಿತ್ತು.”

“ಗೊತ್ತಿದ್ದೂ ಸಹಿ ಹಾಕಿದಿರಾ?”

“ಅವಳಿಗೆ ಪರೀಕ್ಷೆ ಇತ್ತು ಮೇಡಂ. ಒಂದು ಗಂಟೆ ಆಗಿತ್ತು. ಓದು ಅಂದಿದ್ರೆ ಪರೀಕ್ಷೆ ತಪ್ಪುತ್ತಿತ್ತು.”

ಜಡ್ಜ್ ಪಕ್ಕದಲ್ಲಿ ಕೂತ ಹುಡುಗ ಟೈಪು ಮಾಡುತ್ತಿದ್ದ. ಅಮ್ಮ ಹೇಳಿದ್ದು ಒಂದೊಂದೇ ಸಾಲಾಗಿ ಪರದೆಯ ಮೇಲೆ ಮೂಡುತ್ತಿತ್ತು. ಅವಳಿಗೆ ಹದಿನೆಂಟು ವರ್ಷದಿಂದ ಗೊತ್ತಿತ್ತು! ಮನೆಯಲ್ಲಿ ಎಷ್ಟು ಸಲ ಜಗಳವಾಡಿದ್ದೇವೆ. ನಾನು ಅವಳನ್ನು ಮರೆಗುಳಿ, ಮೊಂಡಿ ಎಂದೆಲ್ಲ ಅಂದಿದ್ದೇನೆ, ಅವಳು ಒಮ್ಮೆಯೂ ಇದನ್ನು ನನ್ನ ಮುಖಕ್ಕೆ ಹಿಡಿದಿರಲಿಲ್ಲ. ಅಲ್ಲೇ ಎಲ್ಲರ ಮುಂದೆ ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತೆ. ನಾಚಿಕೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಎದೆ ಹಗುರವಾಗಿತ್ತು.

ತಿದ್ದುಪಡಿಗೆ ಅನುಮತಿ ಸಿಕ್ಕಿತು. ಜಡ್ಜ್ ನನಗೆ, ಟೀಚರ್ ಆಗಿ ಹೀಗೆ ಮಾಡಬಹುದೇ ಎಂದು ನಾಲ್ಕು ಮಾತು ಬಿಗಿಯಾಗಿ ಹೇಳಿದರು, ನಾನು ತಲೆಬಾಗಿ ಕೇಳಿಸಿಕೊಂಡೆ. ಹೊರಗೆ ಬಂದ ಮೇಲೆ, “ಯಾಕಮ್ಮ ಹೇಳಲಿಲ್ಲ?” ಎಂದೆ. “ಹೇಳಿ ಎಂತ ಮಾಡುವುದು? ಪಾಸ್ ಆದಿಯಲ್ಲ” ಎಂದು ಲಿಫ್ಟಿನ ಗುಂಡಿಯನ್ನು ತಾನೇ ಒತ್ತಿದಳು.

ಅದಾದ ಮೇಲೆ ಕೇಸು ಓಡಿತು. ಅಮ್ಮನ ಸಾಕ್ಷಿ, ಚಾಲ್‌ನ ಇಬ್ಬರು ಹಳಬರ ಸಾಕ್ಷಿ, ವಾದ, ಎಲ್ಲ ಆರು ತಿಂಗಳಲ್ಲಿ ಮುಗಿಯಿತು. ತೀರ್ಪು ಬಂದ ದಿನ ನಾನು ಶಾಲೆಯಲ್ಲಿದ್ದೆ. ಊಟದ ಬಿಡುವಿನಲ್ಲಿ ವಕೀಲೆಯ ಮೆಸೇಜು ಬಂತು, ದಾವೆ ವಜಾ, ತೀರ್ಪು ಆಗಲೇ ವೆಬ್‌ಸೈಟಿನಲ್ಲಿದೆ ಎಂದು. ಸ್ಟಾಫ್ ರೂಮಿನಲ್ಲಿ ಡಬ್ಬಿಯ ಮುಚ್ಚಳ ಹಾಗೇ ಬಿಟ್ಟು ಕೂತೆ. ಕೋಣೆ ನಮ್ಮದು ಎಂದು ನನಗೆ ನಾನೇ ಎರಡು ಮೂರು ಸಲ ಹೇಳಿಕೊಂಡೆ.

ಸಂಜೆ ಮನೆಗೆ ಬಂದು ಅಮ್ಮನಿಗೆ ಗೆದ್ದೆವು ಎಂದೆ. ಅವಳು ದೇವರಿಗೆ ಕೈ ಮುಗಿದು ಬಂದು, ಮಂಚದ ಮೇಲೆ ಕಾಲು ನೀಡಿ ಕೂತು, “ಪೂರಾ ಓದು” ಎಂದಳು. ಇಪ್ಪತ್ತೆರಡು ಪುಟ. ಫೋನಿನಲ್ಲಿ ಒಂದೊಂದೇ ಪುಟ ಸರಿಸುತ್ತಾ, ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕಾನೂನಿನ ಸೆಕ್ಷನ್ನುಗಳು ಬಂದಾಗ ಅವಳು ಆಕಳಿಸಿದಳು, ಆದರೂ ಬಿಡಲು ಒಪ್ಪಲಿಲ್ಲ. ಹದಿನಾಲ್ಕನೆಯ ಪುಟದಲ್ಲಿ, ಪ್ರತಿವಾದಿಯು ಮೃತ ಬಾಡಿಗೆದಾರನ ತಂಗಿ, ಅವನ ಸಾವಿನವರೆಗೂ ಅವನ ಜೊತೆ ಒಂದೇ ಸಂಸಾರವಾಗಿ ಬಾಳಿದವಳು ಎಂದು ಓದಿದಾಗ ಅಮ್ಮ ಕೈ ಎತ್ತಿ ನಿಲ್ಲಿಸಿದಳು.

“ಅದನ್ನು ಇನ್ನೊಮ್ಮೆ ಓದು.”

ಓದಿದೆ. ಅವಳ ಕಣ್ಣು ತುಂಬಿತು. ಮಾವ ಹೋದ ದಿನದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. “ಅಣ್ಣನಿಗೆ ನಾವಿದ್ದೆವು ಅಂತ ಬರ್ದಿದ್ದಾರೆ ಅಲ್ವಾ?” ಎಂದು ಕೇಳಿದಳು. ಹೌದು ಎಂದೆ. ಮೂಗು ಒರೆಸಿಕೊಂಡು, ಮುಂದೆ ಓದು ಎಂದಳು.