ಸೀಳಿದ ನೆಲದ ತೇಗ

ಮಹದೇವಪುರದ ಹಿಂದೆ ನಮಗೆ ಉಳಿದಿದ್ದ ಒಂದು ತುಂಡು ಜಾಗದಲ್ಲಿ ಬಹಳ ವರ್ಷ ಕಂಪನಿ ಬಸ್ಸುಗಳು ನಿಲ್ಲುತ್ತಿದ್ದವು. ಅವು ಹೋದ ಮೇಲೆ ಚಿಕ್ಕಪ್ಪ ಬಾಡಿಗೆ ರೂಮು ಕಟ್ಟಿಸೋಣವೆಂದರು. ನಾನು ತೇಗ ನೆಡುತ್ತೇನೆಂದೆ. ಜಾಗ ಇಬ್ಬರ ಹೆಸರಿನಲ್ಲಿತ್ತು. ನನ್ನ ರುಜು ಇಲ್ಲದೆ ಅವರು ಒಂದು ಇಟ್ಟಿಗೆ ಇಡುವಂತಿರಲಿಲ್ಲ.

ನಮ್ಮ ಕಡೆ ಈಗ ಬಾವಿ ಮುಚ್ಚುವುದಕ್ಕೂ ಸಸಿ ನೆಡುವುದಕ್ಕೂ ಜೆಸಿಬಿಯೇ ಬರಬೇಕು. ನಾನೂ ಅದನ್ನೇ ಕರೆಸಿದೆ. ಬಸ್ಸುಗಳ ಭಾರಕ್ಕೆ ರಸ್ತೆಯಂತಾಗಿದ್ದ ನೆಲದಲ್ಲಿ ಅದು ತೋಡಿದ ಗುಂಡಿಗಳು ಮಡಕೆಗಳ ಹಾಗೆ ಮಳೆನೀರು ಹಿಡಿದುಕೊಂಡವು. ಬೇರು ಗುಂಡಿಯ ಗೋಡೆ ದಾಟಲಿಲ್ಲ. ಸಸಿಗಳು ಮೊಣಕಾಲೆತ್ತರಕ್ಕೆ ನಿಂತುಬಿಟ್ಟವು. ಗಾಬರಿಯಲ್ಲಿ ಯೂರಿಯಾ ಚೆಲ್ಲಿದೆ. ಅದನ್ನು ಉಂಡ ಹುಲ್ಲು ಸಸಿಗಳನ್ನೇ ಮುಚ್ಚಿತು.

“ಎರಡೆಮ್ಮೆ ಕಟ್ಟವ್ವ, ಹಾಲಾದ್ರೂ ಸಿಕ್ತದೆ,” ಎಂದರು ಚಿಕ್ಕಪ್ಪ.

“ಇನ್ನೊಂದು ಮಳೆಗಾಲ ಬಿಡಿ.”

“ಬಿಟ್ಟೆ. ಆ ಮಳೆ ಕಳ್ದು ಬರೋ ಯುಗಾದಿಗೆ ಗಿಡ ನಿನ್ನೆತ್ತರ ಆಗ್ದಿದ್ರೆ ರುಜು ಹಾಕ್ಬೇಕು.”

“ಆಯ್ತು” ಎಂದೆ. ಎಂದೆನೋ, ಬರೀ ತಲೆಯಾಡಿಸಿದೆನೋ. ಈ ಸಂಶಯ ನನಗೆ ಅನುಕೂಲದ್ದು, ಹಾಗಾಗಿ ಅದನ್ನು ನಂಬುವುದಿಲ್ಲ. ಎಂದೆ ಎಂದೇ ಇಟ್ಟುಕೊಳ್ಳುತ್ತೇನೆ.

ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ಉದ್ದನೆಯ ಒಂದೇ ಹಲ್ಲಿನ ನೇಗಿಲು ಕಟ್ಟಿಸಿ ನೆಲವನ್ನು ಆಳಕ್ಕೆ ಸೀಳಿಸಿದೆ. ಒಣಗಿದ್ದಾಗಲೇ ಸೀಳಬೇಕು, ಹಸಿ ನೆಲ ಬಿರಿಯುವುದಿಲ್ಲ, ಮೆತ್ತಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಸೀಳುಗಳ ಉದ್ದಕ್ಕೂ ಹೊಸ ಸಸಿ ನೆಟ್ಟು ಕೊಟ್ಟಿಗೆ ಗೊಬ್ಬರ ಹಾಕಿದೆ. ಬಿಡದೆ ಕಳೆ ಕಿತ್ತೆ. ಸಸಿ ಬೇರೂರಿ ಚಿಗುರಿದ ಮೇಲಷ್ಟೇ ಚಿಟಿಕೆ ಯೂರಿಯಾ.

ಯುಗಾದಿ ಕಳೆದದ್ದೇ ಚಿಕ್ಕಪ್ಪ ಮೇಸ್ತ್ರಿಯೊಂದಿಗೆ ದಾರ, ಸುಣ್ಣದ ಪುಡಿ ಹಿಡಿದು ಬಂದರು. ನನ್ನ ನೆನಪಿನಲ್ಲಿ ಆ ದಿನ ಗಿಡಗಳ ತುಂಬ ಅಗಲವಾದ ಎಲೆ. ಸುಳ್ಳಿರಬೇಕು, ಆ ಹೊತ್ತಿಗೆ ತೇಗ ಬೋಳಾಗಿರುತ್ತದೆ. ಎತ್ತರದ ಬಗ್ಗೆ ಮಾತ್ರ ಅನುಮಾನವಿಲ್ಲ: ನನ್ನ ಭುಜದಷ್ಟು. ಪಕ್ಕದಲ್ಲೇ ಹಳೆಯ ಗುಂಡಿಯವು ಇನ್ನೂ ಮೊಣಕಾಲಿನಷ್ಟು.

“ಸೋತ್ಯಲ್ಲವ್ವ,” ಎಂದರು ಚಿಕ್ಕಪ್ಪ.

“ಹೂಂ, ಸೋತೆ.”

ಮೇಸ್ತ್ರಿ ಅಲ್ಲಲ್ಲಿ ಹಾರೆ ಊರಿ ನೋಡಿದರು. ಗುಂಡಿಗಳ ಕಡೆ ಅದು ಠಣ್ ಎಂದು ಎಗರಿತು, ಸೀಳಿದ ಕಡೆ ಸಲೀಸಾಗಿ ಇಳಿಯಿತು. ಚಿಕ್ಕಪ್ಪ ನಕ್ಕರು. “ಪಾಯ ತೋಡೋ ಕೆಲ್ಸ ಅರ್ಧ ನೀನೇ ಮಾಡಿಟ್ಟಿದ್ದೀಯ.”

ಅವರು ಸುಣ್ಣದ ಗೆರೆ ಎಳೆದರು. ನಾನು ಚಪ್ಪಲಿ ಕಾಲಲ್ಲೇ ಅದನ್ನು ಅಳಿಸಿದೆ.

“ಮಾತು ಕೊಟ್ಟಿದ್ದೆ ನೀನು.”

“ಕೊಟ್ಟಿದ್ದೆ ಚಿಕ್ಕಪ್ಪ. ರುಜು ಹಾಕಲ್ಲ.”

ಮಾತು ತಪ್ಪಿದವಳು ಎಂದು ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಿಜವೇ. ಈ ಬೇಸಿಗೆ ಹಳೆಯ ಗುಂಡಿಗಳ ಸುತ್ತಲಿನ ನೆಲವನ್ನೂ ಸೀಳಿಸುತ್ತಿದ್ದೇನೆ. ಟ್ರ್ಯಾಕ್ಟರಿನ ಸದ್ದು ಚಿಕ್ಕಪ್ಪನ ಮನೆಯವರೆಗೂ ಕೇಳುತ್ತದೆ.