ಲೆಕ್ಕ ಮುರಿದ ದಿನದ ಚಹಾ

ಕಂಪ್ಯೂಟರಿನಲ್ಲಿ ಯಾರದಾದರೂ ಲೆಕ್ಕ ಮುರಿದುಬಿದ್ದ ದಿನ ಶಕುಂತಲಾ ಮೇಡಂ ಲ್ಯಾಬಿಗೆಲ್ಲ ಚಹಾ ತರಿಸುತ್ತಿದ್ದರು. ಅದೇ ಲೆಕ್ಕ ಮೊದಲ ಸಲಕ್ಕೇ ಸುಸೂತ್ರವಾಗಿ ಮುಗಿದರೆ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು. ಚಿಕ್ಕೋಡಿ ಹತ್ತಿರದ ಕಾಲೇಜಿಗೆ ನಾನು ಪಾಠ ಮಾಡಲು ಹೊಸದಾಗಿ ಸೇರಿದಾಗ, ಇದೆಂಥ ವಿಚಿತ್ರ ಹೆಂಗಸಪ್ಪಾ ಎಂದುಕೊಂಡಿದ್ದೆ. ಎತ್ತರದ ಆಳು, ಕಾಟನ್ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು, ಬ್ಯಾಗಿನಲ್ಲಿ ಸದಾ ಶೇಂಗಾ ಮತ್ತು ಬೆಲ್ಲ. ನನಗಿಂತ ಎಷ್ಟೋ ದೊಡ್ಡವರು; ಮೊದಲ ದಿನವೇ ನನ್ನನ್ನು ‘ತಂಗಿ’ ಎಂದು ಕರೆದು ಒಂದು ಮುಷ್ಟಿ ಶೇಂಗಾ ಕೊಟ್ಟರು.

ಪೈಪಿನಲ್ಲಿ ನೀರೂ ಗಾಳಿಯೂ ಕೂಡಿ ಹರಿದಾಗ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಅವರ ಕೆಲಸ. ನಮ್ಮದು ಕೃಷ್ಣೆಯ ನೀರನ್ನು ಪೈಪ್‌ಲೈನಿನಲ್ಲಿ ಎತ್ತಿ ಕಬ್ಬಿಗೆ ಒಯ್ಯುವ ಸೀಮೆ. ಕರೆಂಟು ಹೋದರೆ ನೀರು ಹಿಂದೆ ಸರಿದು ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಕರೆಂಟು ಬಂದಾಗ ನೀರು ಆ ಗಾಳಿಯ ಮೇಲೆ ನುಗ್ಗಿ ಪೈಪಿಗೆ ಏಟು ಬೀಳುತ್ತದೆ. ಇದನ್ನು ಲೆಕ್ಕದಲ್ಲಿ ಹಿಡಿಯಬೇಕಾದರೆ ಪೈಪನ್ನು ಸಣ್ಣ ಸಣ್ಣ ಮನೆಗಳಾಗಿ, ಹೊತ್ತನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಭಾಗ ಮಾಡಿಕೊಳ್ಳಬೇಕು. “ಒಂದ ಹೆಜ್ಜಿಗೆ ನೀರು ಒಂದ ಮನಿಗಿಂತ ಹೆಚ್ಚು ದಾಟಬಾರ್ದು ನೋಡ ತಂಗಿ. ದಾಟಿತೋ, ಲೆಕ್ಕಕ್ಕ ಹುಚ್ಚು ಹಿಡಿತೈತಿ” ಎನ್ನುತ್ತಿದ್ದರು. ಅದು ನಿಜ. ನೀರು ಭಾರ, ಗಾಳಿ ಹಗುರ. ಎರಡೂ ಮುಟ್ಟುವಲ್ಲಿ ಅಂಕಿಗಳು ನಡುಗಲು ಶುರುವಾಗಿ, ನೋಡನೋಡುತ್ತ ಕೋಟಿಗಟ್ಟಲೆ ಉಬ್ಬಿ, ಕೊನೆಗೆ ಪರದೆಯ ಮೇಲೆ ಅಂಕಿಯೇ ಇರುವುದಿಲ್ಲ. ಇದನ್ನೇ ನಾವು ಲೆಕ್ಕ ಮುರಿಯಿತು ಎನ್ನುತ್ತಿದ್ದೆವು.

ಮುರಿಯದಂತೆ ಮಾಡಲು ಒಂದು ಸುಲಭದ ದಾರಿಯಿದೆ. ನೀರು ಮತ್ತು ಗಾಳಿಯ ನಡುವಿನ ಗೆರೆಯನ್ನು ದಪ್ಪ ಮಾಡಿ ಎರಡನ್ನೂ ಸ್ವಲ್ಪ ಕಲಸಿಬಿಡುವುದು. ಆಗ ಏಟೇ ಬೀಳುವುದಿಲ್ಲ, ಲೆಕ್ಕ ಸುಮ್ಮನೆ ಮುಗಿಯುತ್ತದೆ. ಅಥಣಿ ಕಡೆಯ ಒಬ್ಬ ವಿದ್ಯಾರ್ಥಿ ಹೀಗೆ ಮಾಡಿ ಒಂದು ಚೆಂದದ ಬಣ್ಣದ ಚಿತ್ರ ತಂದಿದ್ದ. ಪ್ರಿನ್ಸಿಪಾಲರಿಗೆ ಅದು ಬಹಳ ಹಿಡಿಸಿ, ಫ್ರೇಮು ಹಾಕಿಸಿ ವರಾಂಡದಲ್ಲಿ ತೂಗುಹಾಕುವ ವಿಚಾರದಲ್ಲಿದ್ದರು.

“ಇದನ್ನ ಹೆಂಗ ನಿಂದ್ರಿಸಿದಿ?” ಮೇಡಂ ಕೇಳಿದರು.

“ನಡುವಿನ ಗೆರಿ ದಪ್ಪ ಮಾಡೇನ್ರಿ ಮೇಡಂ. ಈಗ ಅಲ್ಲಾಡಂಗಿಲ್ರಿ.”

“ಹಂಗಾರ ಇದು ನೀರೂ ಅಲ್ಲ, ಗಾಳೀನೂ ಅಲ್ಲ, ಮಜ್ಜಿಗಿ. ಯಾರ ಹೊಲದ ಪೈಪಿನ್ಯಾಗ ಮಜ್ಜಿಗಿ ಹರಿತೈತಪ್ಪಾ?”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಡಂ ನಗಲಿಲ್ಲ. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದವರು ಪಾಠವನ್ನು ಅರ್ಧಕ್ಕೇ ಬಿಟ್ಟು ಹೊರಗೆ ಹೋದರು. ಇಷ್ಟಕ್ಕೆಲ್ಲ ಇಷ್ಟೇಕೆ ಎಂದು ಹಿಂದೆ ಕೂತು ನೋಡುತ್ತಿದ್ದ ನನಗೆ ಒಳಗೊಳಗೇ ಸಿಟ್ಟೂ ಬಂದಿತ್ತು.

ಕಾರಣ ತಿಳಿದದ್ದು ಎಳ್ಳಮಾಸಿಯಂದು. ಭೂತಾಯಿಗೆಂದು ಹೊಲದಲ್ಲಿ ಎಡೆಯ ಅಡುಗೆ, ಅಂದರೆ ಚರಗ, ಚೆಲ್ಲುವ ಹಬ್ಬಕ್ಕೆ ಯಡೂರಿನ ಹತ್ತಿರದ ತವರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಭಜ್ಜಿಯ ಬುಟ್ಟಿ ಹೊತ್ತು ಎಲ್ಲರೂ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲುತ್ತ ಹೊರಟೆವು. ದಿಬ್ಬದ ಮೂಲೆ ಹತ್ತಿರ ಬಂದಾಗ ಮೇಡಂ ಹಿಂದೆ ಉಳಿದು ಹೊಲದ ಗುಡಿಸಲ ನೆರಳಲ್ಲಿ ಕೂತುಬಿಟ್ಟರು; ಉಳಿದವರೂ ಅಲ್ಲೇ ನಿಂತರು. ಅವರ ಅಣ್ಣನ ಹೆಂಡತಿ ಸುಮಿತ್ರಾ ವೈನಿ ಒಬ್ಬರೇ ನನ್ನ ಜೊತೆ ಬಂದರು. ಆ ಮೂಲೆಗೆ ಉಳಿದ ಕಡೆಗಿಂತ ಒಂದು ಹಿಡಿ ಹೆಚ್ಚಾಗಿಯೇ ಚರಗ ಚೆಲ್ಲಿ ಹೇಳಿದರು.

“ನಮ್ಮವರು ಹೋಗಿದ್ದು ಇಲ್ಲೇರಿ. ಹೊಸಾ ಪೈಪ್‌ಲೈನ್ ಹಾಕೂಮುಂದ ಈ ದಿಬ್ಬದ ಮ್ಯಾಲ ಗಾಳಿ ಬಿಡೋ ವಾಲ್ವು ಬೇಕೇನು ಅಂತ ತಮ್ಮ ತಂಗೀನ ಕೇಳಿದ್ರು. ಕಬ್ಬು ಒಣಗಾಕತ್ತಿತ್ತು, ಇವರದು ಒಂದ ಸವನ ಅವಸರ. ಆಕಿ ಲೆಕ್ಕಾ ಮಾಡಿ ಬ್ಯಾಡ ಅಂದ್ಲು. ಒಂದಿನ ಕರೆಂಟ್ ಹೋಗಿ ಬಂತು. ಇವರು ಪೈಪಿನ ಹತ್ರ ನಿಂತಿದ್ರು, ಪೈಪ್ ಒಡೀತು.”

ವೈನಿ ಬುಟ್ಟಿಯನ್ನು ಕೆಳಗಿಟ್ಟರು.

“ದಿನಾಕರ್ಮ ಮುಗಿಯೂಕಿಂತ ಮೊದಲ ಆಕಿನ ಬಂದು ಎಲ್ಲಾರ ಮುಂದ ಹೇಳಿದ್ಲ್ರಿ. ಲೆಕ್ಕಾ ನಿಲ್ಲವಲ್ದಾಗಿತ್ತು ವೈನಿ, ನಾನ ಕಲಸಿ ನಿಂದ್ರಿಸಿದ್ನಿ ಅಂತ. ನನಗೇನ ತಿಳಿತೈತ್ರಿ ಅದು? ಆಕಿ ಹೇಳದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಬಾಳ ದಿನಾ ಮಾತ ಬಿಟ್ಟಿದ್ನಿ. ಆಮ್ಯಾಲ ನಾನ ಕರದ್ನಿ. ಅವ್ರಂತೂ ಹ್ವಾದ್ರು, ಅವ್ರ ತಂಗೀನೂ ಕಳಕೊಂಡು ಏನ್ ಮಾಡ್ಲಿ?”

ಹಿಂದಿರುಗಿ ಬಂದಾಗ ಮೇಡಂ ನಮಗೆಲ್ಲ ರೊಟ್ಟಿ ಬಡಿಸಿಟ್ಟು ಕಾಯುತ್ತಿದ್ದರು. ನಮ್ಮಿಬ್ಬರ ಮುಖ ನೋಡಿಯೇ ಅವರಿಗೆ ತಿಳಿಯಿತು. “ಊಟಾ ಮಾಡ್ರಿ, ಆರತೈತಿ” ಅಂದರು, ಅಷ್ಟೇ.

ಮುಂದೆ ಆ ಹಳೆಯ ಪೈಪ್‌ಲೈನನ್ನೆಲ್ಲ ಕಿತ್ತು ಊರವರು ಕೂಡಿ ಹೊಸದನ್ನು ಹಾಕಲು ಹೊರಟರು. ಈ ಸಲ ವಾಲ್ವು ಕೂರಿಸುವುದಂತೂ ಖಾತ್ರಿಯಾಗಿತ್ತು. ಎಷ್ಟು ದೊಡ್ಡದೆಂಬುದು ಪ್ರಶ್ನೆ. ಸಣ್ಣದಾದರೆ ಗಾಳಿ ಒಳಗೇ ಉಳಿಯುತ್ತದೆ, ದೊಡ್ಡದಾದರೆ ಗಾಳಿ ಒಮ್ಮೆಲೇ ಹೊರಟು ನೀರು ಬಂದು ಬಡಿಯುತ್ತದೆ. ಪೇಟೆಯಿಂದ ಯಾರನ್ನಾದರೂ ಕರೆಸೋಣ ಎಂದವರಿಗೆ ವೈನಿ ಒಂದೇ ಮಾತು ಹೇಳಿದರಂತೆ: “ನಮ್ಮ ಶಕೂ, ಆಕೀನ ಹೇಳಬೇಕು. ಆಕಿ ಹೇಳಿದ್ದನ್ನ ಹಾಕೂಣು.”

ಅಷ್ಟರಲ್ಲಿ ಮೇಡಂಗೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಮಿರಜಿನ ಆಸ್ಪತ್ರೆಗೆ ಹೋಗಿ ಬಂದು ಮಾಡುತ್ತ, ತಲೆಗೆ ಸೆರಗು ಬಿಗಿದುಕೊಂಡು ಲ್ಯಾಬಿನಲ್ಲಿ ಕೂತು, ಈ ಲೆಕ್ಕ ಹಿಡಿದರು. ಅದು ಪ್ರತಿಸಲವೂ ದಿಬ್ಬದ ಹತ್ತಿರವೇ ಮುರಿಯುತ್ತಿತ್ತು. ಹೆಜ್ಜೆ ಸಣ್ಣದು ಮಾಡಿದೆವು, ಮನೆ ಸಣ್ಣವು ಮಾಡಿದೆವು, ಆದರೂ ಮುರಿಯಿತು. ಚಹಾ ಬರುತ್ತಲೇ ಇತ್ತು. ಅವರ ಕಪ್ಪು ಮಾತ್ರ ಹಾಗೇ ಆರಿಹೋಗುತ್ತಿತ್ತು. ಅವರು ಸೊರಗುವುದನ್ನು ನೋಡಲಾರದೆ ಒಂದು ದಿನ ನಾನೇ, “ಒಂಚೂರು ದಪ್ಪ ಮಾಡೂಣೇನ್ರಿ ಮೇಡಂ?” ಎಂದುಬಿಟ್ಟೆ.

ಅವರು ಬೈಯಲಿಲ್ಲ. “ದಾದಾನೂ ಹಿಂಗ ಅವಸರ ಮಾಡಿದ್ದ ತಂಗಿ” ಅಂದರು. ಅಣ್ಣನ ಸುದ್ದಿ ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಅವರಿಗೆ ಕಾಲೇಜಿಗೆ ಬರಲಾಗಲಿಲ್ಲ. ಒಂದು ಮಧ್ಯಾಹ್ನ ಮನೆಗೆ ಹೋದಾಗ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಎಂದುಕೊಂಡು ನಾನು ಎದ್ದೆ. ಕಣ್ಣು ತೆರೆಯದೆಯೇ ಹೇಳಿದರು. “ನೀರು ಒಂದ ಮನಿಯಿಂದ ಇನ್ನೊಂದ ಮನಿಗೆ ಹೋಗೂಮುಂದ ನಾವು ಅದರ ತೂಕಾ ಬ್ಯಾರೆ ದಾಟಸಾಕತ್ತೇವಿ, ಓಟಾ ಬ್ಯಾರೆ ದಾಟಸಾಕತ್ತೇವಿ. ತೂಕಾ ಹಿಂದ ಉಳದು ಓಟಾ ಮುಂದ ಹ್ವಾದ್ರ, ಹಗುರ ಗಾಳಿ ಮ್ಯಾಲ ನೀರಿನ ಓಟಾ ಬಂದು ಬೀಳತೈತಿ. ಲೆಕ್ಕಕ್ಕ ಹುಚ್ಚ ಹಿಡೀದ ಇನ್ನೇನಾಗ್ತೈತಿ? ಎರಡೂ ಕೂಡೇ ದಾಟಸು.”

ಹಾಗೇ ಬರೆದೆ. ಮೊದಮೊದಲು ನಾನು ಬರೆದದ್ದರಲ್ಲೇ ತಪ್ಪಿದ್ದು ಮತ್ತೆ ಮುರಿಯಿತು. ತಿದ್ದಿದೆ, ಮತ್ತೆ ಓಡಿಸಿದೆ. ಕೊನೆಗೆ ಗೆರೆ ಎಳ್ಳಷ್ಟೂ ದಪ್ಪವಾಗದೆ ನೀರು ಗಾಳಿಯನ್ನು ಮುಟ್ಟಿತು. ಒತ್ತಡ ಒಮ್ಮೆಲೇ ಮೇಲೇರಿತು, ಇಳಿಯಿತು. ಅಂಕಿಗಳು ಉಳಿದವು. ವಾಲ್ವಿನ ಅಳತೆ ಸಿಕ್ಕಿತು.

ಕಾಗದವನ್ನು ಬ್ಯಾಗಿಗೆ ಹಾಕಿಕೊಂಡು ಮಿರಜಿನ ಆಸ್ಪತ್ರೆಗೆ ಓಡಿದೆ. ಮೇಡಂ ಒಂದು ಹಿಡಿಯಷ್ಟಾಗಿದ್ದರು. ಪಕ್ಕದಲ್ಲಿ ವೈನಿ ಕೂತಿದ್ದರು. ಲೆಕ್ಕ ಮುಗಿಯಿತು ಎಂದೆ. ಅವರ ಮುಖ ಅರಳಲಿಲ್ಲ. ನನಗೆ ಗೊತ್ತಿದ್ದ ಆ ಹಳೆಯ ಗಂಟು ಹುಬ್ಬಿನ ನಡುವೆ ಬಂತು.

“ನಿಂತಿತೋ, ನಿಂದ್ರಿಸಿದಿಯೋ?”

“ತಾನ ನಿಂತೈತ್ರಿ ಮೇಡಂ. ಎಷ್ಟೋ ಸಲ ಮುರದ ಮ್ಯಾಲ ನಿಂತೈತಿ.”

ನನ್ನ ಮುಖವನ್ನೇ ನೋಡಿದರು. ಹುಬ್ಬಿನ ಗಂಟು ಮೆಲ್ಲಗೆ ಸಡಿಲವಾಯಿತು. “ವೈನಿ, ತಂಗಿಗೆ ಚಾ ತರಸ್ರಿ” ಅಂದರು. ಅವರಿಗೆ ಆಗಲೇ ನೀರೂ ಇಳಿಯುತ್ತಿರಲಿಲ್ಲ. ಅವರ ಮುಂದೆ ಕೂತು ನಾನೊಬ್ಬಳೇ ಆ ಚಹಾ ಕುಡಿದೆ. ಅದೇ ಕೊನೆಯ ಭೇಟಿ.

ಹೊಸ ಪೈಪ್‌ಲೈನಿಗೆ ನೀರು ಬಿಟ್ಟ ದಿನ ವೈನಿ ನನ್ನನ್ನು ಕರೆಸಿದ್ದರು. ಊರವರೆಲ್ಲ ನದಿಯ ಕಡೆ ಪಂಪಿನ ಹತ್ತಿರ ಸೇರಿದ್ದರೆ, ವೈನಿ ದಿಬ್ಬ ಹತ್ತಿ ವಾಲ್ವಿನ ಪಕ್ಕದಲ್ಲೇ ಹೋಗಿ ನಿಂತರು. ದೂರ ನಿಲ್ಲಿ ಎಂದು ನಾನು ಕೈಹಿಡಿದು ಜಗ್ಗಿದೆ. “ಆಕಿ ಹೇಳ್ಯಾಳಲ್ಲ, ಏನೂ ಆಗಂಗಿಲ್ಲ” ಎಂದು ಕೈ ಬಿಡಿಸಿಕೊಂಡರು. ಪಂಪು ಶುರುವಾಯಿತು. ಪೈಪು ಸಣ್ಣಗೆ ನಡುಗಿತು. ವಾಲ್ವಿನಿಂದ ಗಾಳಿ ಬುಸ್ಸೆಂದು ಹೊರಡತೊಡಗಿ, ಬಹಳ ಹೊತ್ತು ಹಾಗೇ ಹೋಗುತ್ತಿತ್ತು. ಕೊನೆಗೆ ನಾಲ್ಕು ಹನಿ ನೀರು ವೈನಿಯ ಕೈಮೇಲೆ ಚಿಮ್ಮಿ ವಾಲ್ವು ಮುಚ್ಚಿಕೊಂಡಿತು. ಆಚೆ ಕಬ್ಬಿನ ಬದುವಿನಲ್ಲಿ ನೀರು ಬಿದ್ದ ಸಪ್ಪಳ ಕೇಳಿಸಿತು.

ವೈನಿ ಆ ಒದ್ದೆ ಕೈಯನ್ನು ಒರೆಸಿಕೊಳ್ಳದೆ ಗುಡಿಸಲ ಕಡೆ ನೋಡಿದರು. ಈ ಮೂಲೆಗೆ ಬಾರದೆ ಮೇಡಂ ಕೂರುತ್ತಿದ್ದ ಜಾಗ ಅದು.

“ಈಗಾರ ಬಾ ಶಕೂ ಇಲ್ಲಿಗೆ” ಅಂದರು.